ಕಂಪ್ಯೂಟರ್ ಕೈಕೊಟ್ಟರೂ ಮಾಹಿತಿ ಉಳಿಯಲಿ

(ವಿದ್ಯಾರ್ಥಿಗಳಿಗಾಗಿ ನಡೆದ ಕಂಪ್ಯೂಟರ್ ಮಾಹಿತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



1919ರಲ್ಲಿ ಭಟ್ಕಳದಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್ ಸ್ಥಾಪನೆಯಾದ ಕಾಲದಲ್ಲಿ ಶಾಲೆಯ ಲೆಕ್ಕಪತ್ರವೆಂದರೆ ರಿಜಿಸ್ಟರ್ ಪುಸ್ತಕ. ಇಂದು ವಿದ್ಯಾರ್ಥಿವೇತನದ ಅರ್ಜಿಗಳು, ಝಕಾತ್ ನಿಧಿಯ ಲೆಕ್ಕ, ಮಕ್ಕಳ ಅಂಕಪಟ್ಟಿ, ನಿಮ್ಮ ಪ್ರಾಜೆಕ್ಟ್ ವರದಿ, ಗಲ್ಫ್‌ನಲ್ಲಿರುವ ತಂದೆ ಕಳುಹಿಸಿದ ಕಾಗದಪತ್ರಗಳ ಪ್ರತಿ ಎಲ್ಲವೂ ಎರಡು ಬೆರಳಗಲದ ಒಂದು ಡ್ರೈವ್‌ನೊಳಗಿರುತ್ತವೆ. ಒಂದು ಬೆಳಿಗ್ಗೆ ಆ ಕಂಪ್ಯೂಟರ್ ಆನ್ ಆಗದಿದ್ದರೆ ಏನು ಮಾಡಬೇಕು? ಇಂದಿನ ನನ್ನ ಮಾತು ಇಷ್ಟೇ.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಯಂತ್ರ ಬೇರೆ, ಮಾಹಿತಿ ಬೇರೆ. ಯಂತ್ರವನ್ನು ಹಣ ಕೊಟ್ಟು ಮತ್ತೆ ತರಬಹುದು. ಐದು ವರ್ಷದ ಲೆಕ್ಕವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗಿ "ಫಾರ್ಮ್ಯಾಟ್ ಮಾಡಿ ಕೊಡಿ" ಎನ್ನುವ ಮೊದಲು "ಒಳಗಿರುವ ಫೈಲ್‌ಗಳನ್ನು ತೆಗೆದಿಡಿ" ಎನ್ನುವುದನ್ನು ಕಲಿಯಿರಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಹಳೆಯ ಕಂಪ್ಯೂಟರ್‌ಗೆ ಹೊಸ ವಿಂಡೋಸ್ ಹಾಕಿಸುವವರಿಗೆ ಈ ಎಚ್ಚರಿಕೆ ಇನ್ನೂ ಅಗತ್ಯ.

ಕಂಪ್ಯೂಟರ್ ಆರಂಭವಾಗುವುದು ಹಂತ ಹಂತವಾಗಿ. ಗುಂಡಿ ಒತ್ತಿದಾಗ ಮದರ್‌ಬೋರ್ಡ್‌ನಲ್ಲಿರುವ ಬಯಾಸ್ ಅಥವಾ ಅದರ ಹೊಸ ರೂಪವಾದ ಯುಇಎಫ್‌ಐ ಎಚ್ಚರಗೊಂಡು ರ‍್ಯಾಮ್, ಕೀಬೋರ್ಡ್‌ಗಳನ್ನು ಪರೀಕ್ಷಿಸುತ್ತದೆ. ನಂತರ ಬೂಟ್ ಡ್ರೈವ್ ಯಾವುದೆಂದು ಹುಡುಕುತ್ತದೆ. ಅದರಲ್ಲಿರುವ ಚಿಕ್ಕ ಬೂಟ್ ಫೈಲ್‌ಗಳು ವಿಂಡೋಸನ್ನು ಕರೆತರುತ್ತವೆ. ಎಲ್ಲಿ ನಿಂತಿತು ಎಂದು ನೋಡಿದರೆ ದೋಷ ಎಲ್ಲಿದೆ ಎಂದು ತಿಳಿಯುತ್ತದೆ.

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು, ಬೀಪ್ ಶಬ್ದ ಬರುತ್ತದೆ ಎಂದಾದರೆ ಡ್ರೈವ್ ಮೇಲೆ ಸಂಶಯ ಬೇಡ, ಮೊದಲು ರ‍್ಯಾಮ್ ನೋಡಿ. ಬಾಡದಿಂದ ಭಟ್ಕಳದವರೆಗೆ ನಮ್ಮದು ಕಡಲಂಚಿನ ಊರುಗಳು. ಉಪ್ಪಿನ ತೇವಾಂಶಕ್ಕೆ ಲೋಹದ ತುದಿಗಳು ಮಸುಕಾಗುತ್ತವೆ. ವಿದ್ಯುತ್ ಸಂಪರ್ಕ ತೆಗೆದು, ರ‍್ಯಾಮ್ ಹೊರತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಯಾಗುತ್ತದೆ.

ಬೂಟ್ ಡ್ರೈವ್ ಸಿಗಲಿಲ್ಲ ಎಂಬ ಅರ್ಥದ ಸಂದೇಶ ಬಂದರೆ ಗಾಬರಿಯಾಗಬೇಡಿ. ಪೆನ್ ಡ್ರೈವ್ ಅಥವಾ ಬ್ಯಾಕಪ್‌ಗಾಗಿ ಇಟ್ಟ ಹೊರಗಿನ ಹಾರ್ಡ್ ಡಿಸ್ಕ್ ಯುಎಸ್‌ಬಿಯಲ್ಲೇ ಉಳಿದಿದೆಯೇ ನೋಡಿ. ಕಂಪ್ಯೂಟರ್ ಅದನ್ನೇ ಬೂಟ್ ಡ್ರೈವ್ ಎಂದು ತಿಳಿದು ಅಲ್ಲೇ ನಿಂತಿರಬಹುದು. ಅದನ್ನು ತೆಗೆದು ಮತ್ತೆ ಆನ್ ಮಾಡಿ. ಆಗಲೂ ಬಾರದಿದ್ದರೆ ಎಫ್2 ಅಥವಾ ಡಿಲೀಟ್ ಕೀ ಒತ್ತಿ ಬಯಾಸ್‌ಗೆ ಹೋಗಿ (ಕಂಪೆನಿಯಿಂದ ಕಂಪೆನಿಗೆ ಕೀ ಬೇರೆ ಇರುತ್ತದೆ). ಅಲ್ಲಿ ದಿನಾಂಕ ಎಷ್ಟೋ ವರ್ಷ ಹಿಂದಿನದಾಗಿದ್ದರೆ ಮದರ್‌ಬೋರ್ಡ್‌ನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿದೆ. ಅದರೊಡನೆ ಬೂಟ್ ಕ್ರಮವೂ ಅಳಿಸಿಹೋಗಿರಬಹುದು. ದಿನಾಂಕ ಸರಿಯಿದ್ದು ಡ್ರೈವಿನ ಹೆಸರು ಕಾಣುತ್ತಿದ್ದರೆ ಬೂಟ್ ಕ್ರಮ ಅಥವಾ ಬೂಟ್ ಫೈಲ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹೆಸರೇ ಇಲ್ಲದಿದ್ದರೆ ಕೇಬಲ್ ಅಥವಾ ಡ್ರೈವ್ ಕೆಟ್ಟಿರಬಹುದು.

ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಎಂಬ ಶಬ್ದ ಬಂದರೆ ಕೂಡಲೇ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡುವುದು ಮುರಿದ ಕಾಲಿನಲ್ಲಿ ಓಡಿಸಿದಂತೆ. ಎಸ್‌ಎಸ್‌ಡಿಯಾದರೆ ಈ ಮುನ್ಸೂಚನೆಯೂ ಇಲ್ಲ, ಸದ್ದಿಲ್ಲದೆ ನಿಂತುಬಿಡಬಹುದು.

ಡ್ರೈವ್ ಕಾಣುತ್ತಿದೆ, ವಿಂಡೋಸ್ ಮಾತ್ರ ಏಳುತ್ತಿಲ್ಲ ಎಂದಾಗ ಫೈಲ್‌ಗಳನ್ನು ಉಳಿಸಲು ಎರಡು ದಾರಿಗಳಿವೆ. ಉಬುಂಟುವಿನಂಥ ಉಚಿತ ಲಿನಕ್ಸನ್ನು ಪೆನ್ ಡ್ರೈವ್‌ನಿಂದಲೇ, ಇನ್‌ಸ್ಟಾಲ್ ಮಾಡದೆ ಓಡಿಸಿ ಫೈಲ್‌ಗಳನ್ನು ನಕಲು ಮಾಡುವುದು ಒಂದು. ಡ್ರೈವ್ ಬಿಚ್ಚಿ ಯುಎಸ್‌ಬಿ ಕವಚದ ಮೂಲಕ ಬೇರೆ ಕಂಪ್ಯೂಟರ್‌ಗೆ ಜೋಡಿಸುವುದು ಇನ್ನೊಂದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್‌ಗೆ ಬಿಟ್‌ಲಾಕರ್ ಎಂಬ ಬೀಗ ಬಿದ್ದಿರುವುದುಂಟು. ಅದಕ್ಕೆ 48 ಅಂಕಿಗಳ ಕೀ ಬೇಕು. ಅದನ್ನು ಇಂದೇ ಕಾಗದದಲ್ಲಿ ಬರೆದು ಮನೆಯಲ್ಲಿ ಜೋಪಾನವಾಗಿಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪೆನಿಯ ಒಂದು ಅಪ್‌ಡೇಟ್‌ನ ದೋಷದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತುಹೋದಾಗ ಅನೇಕರು ಪರದಾಡಿದ್ದು ಈ ಕೀಗಾಗಿ.

ಇನ್ನು ಬ್ಯಾಕಪ್ ವಿಷಯ. ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ನಕಲು ಮಾಡಿದರೆ ಬ್ಯಾಕಪ್ ಆಗಲಿಲ್ಲ. ಸಾಮಾನ್ಯವಾಗಿ ಅವೆರಡೂ ಒಂದೇ ಮನೆಯ ಎರಡು ಕೋಣೆಗಳು, ಮಾಡು ಬಿದ್ದರೆ ಎರಡೂ ಹೋದವು. ಸಿ ಡ್ರೈವ್ ಒಂದನ್ನೇ ಇಮೇಜ್ ಮಾಡಿ ಹೊಸ ಡ್ರೈವ್‌ಗೆ ಹಾಕಿದರೆ ಅದು ಬೂಟ್ ಆಗುವುದಿಲ್ಲ, ಏಕೆಂದರೆ ಯುಇಎಫ್‌ಐ ಕಂಪ್ಯೂಟರ್‌ಗಳಲ್ಲಿ ಬೂಟ್ ಫೈಲ್‌ಗಳು ಸಾಮಾನ್ಯವಾಗಿ 100 ಮೆಗಾಬೈಟ್‌ನಷ್ಟು ಚಿಕ್ಕದಾದ, ಕಣ್ಣಿಗೆ ಕಾಣದ ಬೇರೊಂದು ವಿಭಾಗದಲ್ಲಿರುತ್ತವೆ. ಇಮೇಜ್ ಮಾಡುವಾಗ ಇಡೀ ಡಿಸ್ಕನ್ನು ಆರಿಸಿ. ಬ್ಯಾಕಪ್ ಡಿಸ್ಕನ್ನು ಸದಾ ಜೋಡಿಸಿಯೂ ಇಡಬೇಡಿ. 2017ರ ಮೇ ತಿಂಗಳಲ್ಲಿ ಹರಡಿದ ವನ್ನಾಕ್ರೈಯಂಥ ವೈರಸ್‌ಗಳು ಜೋಡಿಸಿಟ್ಟ ಡಿಸ್ಕ್‌ನ ಫೈಲ್‌ಗಳಿಗೂ ಬೀಗ ಹಾಕುತ್ತವೆ.

ಬಲ್ಲವರು ಹೇಳುವ ಸೂತ್ರ 3-2-1. ಮೂಲವೂ ಸೇರಿ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಬೇರೆ ಊರು ಏಕೆ? 2022ರ ಆಗಸ್ಟ್ 2ರ ಭಾರೀ ಮಳೆಯನ್ನು ಭಟ್ಕಳದವರು ಮರೆತಿಲ್ಲ. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಪೇಟೆಯ ಅಂಗಡಿ ಮನೆಗಳಿಗೆ ನೀರು ನುಗ್ಗಿತು. ಒಂದೇ ಕಪಾಟಿನಲ್ಲಿ ಮೂರು ಪ್ರತಿ ಇಟ್ಟರೆ ಮೂರೂ ಒಟ್ಟಿಗೆ ನೆನೆಯುತ್ತವೆ. ಒಂದು ಪ್ರತಿ ಹೊನ್ನಾವರದ ಬಂಧುಗಳ ಮನೆಯಲ್ಲಿರಲಿ, ಇಲ್ಲವೇ ಇಂಟರ್‌ನೆಟ್ ಸಂಗ್ರಹದಲ್ಲಿರಲಿ.

ಬ್ಯಾಕಪ್ ತೆಗೆದರೆ ಸಾಲದು, ಅದು ತೆರೆಯುತ್ತದೆಯೇ ಎಂದು ನೋಡಲೇಬೇಕು. ಗಿಟ್‌ಲ್ಯಾಬ್ ಎಂಬ ಹೆಸರಾಂತ ಕಂಪೆನಿಯಲ್ಲಿ 2017ರ ಜನವರಿ 31ರಂದು ಕೈತಪ್ಪಿನಿಂದ ದತ್ತಾಂಶ ಅಳಿಸಿಹೋಯಿತು. ಬ್ಯಾಕಪ್‌ಗೆ ಐದು ಬಗೆಯ ಏರ್ಪಾಡು ಇದ್ದರೂ ಬೇಕಾದಾಗ ಅವು ನೆರವಿಗೆ ಬರಲಿಲ್ಲ. ಅದೃಷ್ಟವಶಾತ್ ಆರು ಗಂಟೆ ಮೊದಲು ಬೇರೆ ಕೆಲಸಕ್ಕಾಗಿ ತೆಗೆದಿದ್ದ ಒಂದು ಪ್ರತಿ ಕೈಹಿಡಿಯಿತು. ಆದ್ದರಿಂದ ತಿಂಗಳಿಗೊಮ್ಮೆ ನಿಮ್ಮ ಬ್ಯಾಕಪ್‌ನಿಂದ ಒಂದೆರಡು ಫೈಲ್ ತೆರೆದು ನೋಡಿ.

ಬಂಧುಗಳೇ, ಇದು ನಮಗೆ ಹೊಸ ಪಾಠವಲ್ಲ. ಪವಿತ್ರ ಕುರ್‌ಆನ್‌ನ ರಕ್ಷಣೆಯ ಹೊಣೆ ಅಲ್ಲಾಹನದು ಎಂದು ಸಹಾಬಿಗಳು ದೃಢವಾಗಿ ನಂಬಿದ್ದರು. ಆದರೂ ಅವರು ಕೈಕಟ್ಟಿ ಕೂರಲಿಲ್ಲ. ಯಮಾಮಾ ಯುದ್ಧದಲ್ಲಿ ಅನೇಕ ಹಾಫಿಝ್‌ಗಳು ಹುತಾತ್ಮರಾದಾಗ ಹಝ್ರತ್ ಉಮರ್ (ರ) ಸಲಹೆಯಂತೆ ಖಲೀಫಾ ಅಬೂಬಕರ್ (ರ) ಅದನ್ನು ಒಂದೆಡೆ ಬರೆದಿಡುವ ಕಾರ್ಯವನ್ನು ಝೈದ್ ಬಿನ್ ಸಾಬಿತ್‌ರಿಗೆ (ರ) ವಹಿಸಿದರು. ಝೈದ್ (ರ) ಬರಹವನ್ನೂ ಕಂಠಪಾಠವನ್ನೂ ತಾಳೆ ನೋಡಿಯೇ ಸ್ವೀಕರಿಸಿದರು. ಮುಂದೆ ಹಝ್ರತ್ ಉಸ್ಮಾನ್ (ರ) ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ನಗರಗಳಿಗೆ ಕಳುಹಿಸಿದರು. ಎರಡು ಬಗೆಯಲ್ಲಿ ಕಾಪಾಡುವುದು, ತಾಳೆ ನೋಡುವುದು, ದೂರದ ಊರಿನಲ್ಲೂ ಇಡುವುದು ಎಲ್ಲವೂ ಅದರಲ್ಲಿವೆ.

ಬಡ ವಿದ್ಯಾರ್ಥಿಯೊಬ್ಬ ಸಂಘಕ್ಕೆ ಕೊಟ್ಟ ಅರ್ಜಿ, ದಾನಿಯೊಬ್ಬರು ಕೊಟ್ಟ ಹಣದ ಲೆಕ್ಕ ನಮ್ಮ ಕೈಯಲ್ಲಿರುವ ಅಮಾನತ್. ಕಂಪ್ಯೂಟರ್ ಕೆಟ್ಟಿತು ಎಂಬುದು ಅಮಾನತ್ ಕಳೆದದ್ದಕ್ಕೆ ಉತ್ತರವಾಗದು. ಇಂದು ಮನೆಗೆ ಹೋದವರೇ ಒಂದು ಪ್ರತಿ ಮಾಡಿ, ಅದನ್ನು ತೆರೆದು ನೋಡಿ, ನಂತರ ನಿಶ್ಚಿಂತೆಯಿಂದ ಮಲಗಿ. ನಮಗೆ ಒಪ್ಪಿಸಲಾದುದನ್ನು ಕಾಪಾಡುವ ತೌಫೀಕ್ ಅಲ್ಲಾಹನು ನಮಗೆಲ್ಲ ಕರುಣಿಸಲಿ, ಆಮೀನ್. ವಸ್ಸಲಾಮ್.