ಹೆಸರು ಬದಲಾದಾಗ ಹುಡುಕುವ ಯಂತ್ರ



2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದದ್ದು ನಿಮಗೆ ನೆನಪಿರಬಹುದು. ಇಂಗ್ಲಿಷಿನಲ್ಲಿ ‘ಮೈಸೋರ್’ ಎಂದು ಬರೆಯುತ್ತಿದ್ದುದು ‘ಮೈಸೂರು’ ಆಯಿತು. ಆದರೆ ಅದಕ್ಕೆ ಮುಂಚಿನ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆಯಷ್ಟೆ. ಹೊಸ ಹೆಸರು ಕೊಟ್ಟು ಗಣಕಯಂತ್ರದಲ್ಲಿ ಹುಡುಕಿದವರಿಗೆ ಹಳೆಯ ದಾಖಲೆ ಸಿಗದೆ ಹೋಗಬಹುದು. ಯಂತ್ರ ತನ್ನಲ್ಲಿ ದೋಷವಿದೆಯೆಂದು ಹೇಳುವುದಿಲ್ಲ, ‘ಇಲ್ಲ’ ಎಂದುಬಿಡುತ್ತದೆ. ಕೇಳಿದವರು ಅದನ್ನೇ ನಂಬಿ ಎದ್ದು ಹೋಗುತ್ತಾರೆ.

ಸಮಾನಾರ್ಥಕ ಪದಗಳ ಪಟ್ಟಿಗೆ, ಈ ಎರಡೂ ಹೆಸರು ಒಂದೇ ಎಂದು ಒಂದು ಸಾಲು ಸೇರಿಸಿದರೆ ಇದು ಸರಿಹೋಗುತ್ತದೆ. ಆದರೆ ಆ ಸಾಲನ್ನು ಸೇರಿಸುವುದು ಎಲ್ಲಿ? ‘ಸೋಲರ್’ ಎಂಬ ಶೋಧ ತಂತ್ರಾಂಶವನ್ನೇ ನೋಡೋಣ. 2004ರಲ್ಲಿ ಅಮೆರಿಕದ ಸಿನೆಟ್ ಸಂಸ್ಥೆಯಲ್ಲಿ ಹುಟ್ಟಿದ ಇದು 2006ರಲ್ಲಿ ಅಪಾಚೆ ಪ್ರತಿಷ್ಠಾನದ ಕೈಸೇರಿತು. 2012ರ 4.0 ಆವೃತ್ತಿಯಿಂದ ಹಲವು ಸರ್ವರ್‌ಗಳು ಒಂದೇ ದಾಖಲೆ ಸಂಗ್ರಹವನ್ನು ಹಂಚಿಕೊಂಡು ನಡೆಸುವ ವ್ಯವಸ್ಥೆ ಇದರಲ್ಲಿದೆ. ಹೀಗೆ ನಡೆಯುವಾಗ ಪಟ್ಟಿಯೂ ಇತರ ಕಾನ್ಫಿಗರೇಷನ್ ಕಡತಗಳೂ ‘ಝೂಕೀಪರ್’ ಎಂಬ ಸಾಮಾನ್ಯ ಉಗ್ರಾಣದಲ್ಲಿರುತ್ತವೆ. ಯಾವುದೋ ಒಂದು ಸರ್ವರಿನ ಡಿಸ್ಕಿನಲ್ಲಿ ಕಡತ ತಿದ್ದಿ ಕೂತರೆ ಏನೂ ಆಗದು.

ಮೊದಲು ಉಗ್ರಾಣದಲ್ಲಿರುವ ಪ್ರತಿಯನ್ನೇ ಇಳಿಸಿಕೊಳ್ಳಬೇಕು. ನಿಮ್ಮ ಬಳಿಯ ಪ್ರತಿ ಹಳೆಯದಾಗಿದ್ದರೆ ಸಹೋದ್ಯೋಗಿಯೊಬ್ಬರು ಮಾಡಿದ ತಿದ್ದುಪಡಿ ಅಳಿಸಿಹೋದೀತು. ತಿದ್ದಿ, ಮರಳಿ ಏರಿಸಿ, ಬಳಿಕ ಆ ಸಂಗ್ರಹಕ್ಕೆ ‘ರೀಲೋಡ್’ ಆಜ್ಞೆ ಕೊಡಬೇಕು. ಸರ್ವರ್ ನಿಲ್ಲಿಸಬೇಕಾಗಿಲ್ಲ. ಹೊಸ ಕಡತ ಓದಿ ಸಿದ್ಧವಾಗುವವರೆಗೆ ಹಳೆಯ ವ್ಯವಸ್ಥೆಯೇ ಉತ್ತರ ಕೊಡುತ್ತಿರುತ್ತದೆ. (ಒಂದೇ ಕಾನ್ಫಿಗರೇಷನ್ನನ್ನು ಬೇರೆ ಸಂಗ್ರಹಗಳೂ ಬಳಸುತ್ತಿರಬಹುದು, ನೋಡಿಕೊಳ್ಳಿ.)

ಇಷ್ಟಾದರೂ ಹಳೆಯ ದಾಖಲೆಗಳು ಸಿಗದಿರಬಹುದು. ಶೋಧ ಯಂತ್ರ ಪ್ರತಿ ದಾಖಲೆಯನ್ನೂ ಮೊದಲೇ ಪದ ಪದವಾಗಿ ಬಿಡಿಸಿ, ಪುಸ್ತಕದ ಕೊನೆಯಲ್ಲಿರುವಂಥ ಪದಸೂಚಿ ಮಾಡಿಟ್ಟುಕೊಂಡಿರುತ್ತದೆ. ಸಮಾನಾರ್ಥಕ ಪಟ್ಟಿಯನ್ನು ಆ ಸೂಚಿ ಮಾಡುವಾಗ ಬಳಸುವಂತೆ ಏರ್ಪಡಿಸಿದ್ದರೆ, ಹೊಸ ಸಾಲು ಮುಂದೆ ಬರುವ ದಾಖಲೆಗಳಿಗೆ ಮಾತ್ರ ಅನ್ವಯಿಸುತ್ತದೆ. ಹಳೆಯವುಗಳ ಸೂಚಿಯನ್ನು ಮತ್ತೆ ಮಾಡಲೇಬೇಕು. ದೊಡ್ಡ ಸಂಗ್ರಹವಾದರೆ ಅದು ಬಹಳ ಹೊತ್ತಿನ ಕೆಲಸ. ಪಟ್ಟಿಯನ್ನು ಪ್ರಶ್ನೆ ಬಂದಾಗ ಬಳಸುವಂತೆ ಇಟ್ಟಿದ್ದರೆ ರೀಲೋಡ್ ಒಂದೇ ಸಾಕು. ಪ್ರತಿ ಪ್ರಶ್ನೆಗೂ ಯಂತ್ರಕ್ಕೆ ತುಸು ಹೆಚ್ಚಿನ ಕೆಲಸವಾಗುತ್ತದೆ, ನಿಜ. ಆದರೂ ಊರಿನ ಹೆಸರುಗಳ ಮಟ್ಟಿಗೆ ಈ ಎರಡನೆಯ ದಾರಿಯೇ ಮೇಲೆಂದು ನನ್ನ ಅಭಿಪ್ರಾಯ. ಹೆಸರುಗಳು ಇನ್ನೂ ಬದಲಾಗುತ್ತಲೇ ಇರುತ್ತವೆ.

ಸೂಚಿಯನ್ನು ಮತ್ತೆ ಮಾಡಲೇಬೇಕಾದಾಗ, ಪಕ್ಕದಲ್ಲಿ ಹೊಸ ಸಂಗ್ರಹವನ್ನು ಕಟ್ಟಿ, ಪೂರ್ತಿಯಾದ ಮೇಲೆ ಜನ ಬಳಸುವ ಹೆಸರನ್ನು ಅದಕ್ಕೆ ತಿರುಗಿಸುವ ಸೌಲಭ್ಯವಿದೆ. ಹಳೆಯದನ್ನು ಕೆಲವು ದಿನ ಹಾಗೆಯೇ ಉಳಿಸಿಕೊಳ್ಳಬಹುದು.

ಇನ್ನೊಂದು ಎಚ್ಚರಿಕೆ. ಏರಿಸಿದ ಕಾನ್ಫಿಗರೇಷನ್ನಿನಲ್ಲಿ ತಪ್ಪಿದ್ದರೆ ರೀಲೋಡ್ ವಿಫಲವಾಗುತ್ತದೆ, ಆದರೆ ಹಳೆಯ ವ್ಯವಸ್ಥೆ ಕೆಲಸ ಮಾಡುತ್ತಲೇ ಇರುತ್ತದೆ. ಹೊರಗಿನವರಿಗೆ ಏನೂ ಗೊತ್ತಾಗದು. ಎಂದೋ ಒಂದು ದಿನ ವಿದ್ಯುತ್ ಹೋಗಿ ಸರ್ವರ್ ಮತ್ತೆ ಶುರುವಾಗುವಾಗ ಆ ಸಂಗ್ರಹ ಏಳುವುದೇ ಇಲ್ಲ. ಆದ್ದರಿಂದ ರೀಲೋಡಿಗೆ ಬಂದ ಉತ್ತರವನ್ನು ಪೂರ್ತಿ ಓದಿ. ಆಮೇಲೆ ಹಳೆಯ ಹೆಸರಿನಿಂದ ಒಮ್ಮೆ, ಹೊಸ ಹೆಸರಿನಿಂದ ಒಮ್ಮೆ ಹುಡುಕಿ, ಸಿಕ್ಕ ದಾಖಲೆಗಳ ಸಂಖ್ಯೆಯನ್ನು ತಾಳೆ ನೋಡಿ.