ಬೂಷ್ಟು ಮತ್ತು ಬೆಳ್ಳುಳ್ಳಿ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ಶೇಂಗಾ ಕೀಳುವ ಹೊತ್ತಿಗೆ ಮಳೆ ಹಿಡಿದರೆ ಕಾಯಿಗೆ ಬೂಷ್ಟು ಹತ್ತುತ್ತದೆ. ನಮ್ಮ ತಾಯಿಯವರು ಹಸನಾದ ಬೀಜವನ್ನು ಮಾರಾಟಕ್ಕೆ ಎತ್ತಿಟ್ಟು, ಬೂಷ್ಟು ಹಿಡಿದುದನ್ನು ಒರೆಸಿ, ಹುರಿದು, ಬೆಳ್ಳುಳ್ಳಿ ಬೆರೆಸಿ ಚಟ್ನಿಪುಡಿ ಮಾಡುತ್ತಿದ್ದರು. ಬೆಳ್ಳುಳ್ಳಿ ಎಲ್ಲ ದೋಷವನ್ನೂ ಕಳೆಯುವುದೆಂದು ಅವರ ನಂಬಿಕೆ.

ಕೇಳುಗರೇ, ಆ ನಂಬಿಕೆ ಬರಿಯ ಭ್ರಮೆಯಲ್ಲ. ಬೆಳ್ಳುಳ್ಳಿಯ ಎಸಳನ್ನು ಜಜ್ಜಿದೊಡನೆ, ಅದುವರೆಗೆ ಒಳಗೆ ಬೇರೆಬೇರೆಯಾಗಿದ್ದ ಅಲಿನ್ ಎಂಬ ವಸ್ತುವೂ ಒಂದು ಕಿಣ್ವವೂ ಕೂಡಿ ಅಲಿಸಿನ್ ಹುಟ್ಟುತ್ತದೆ. ಕ್ಯಾವಲಿಟೊ ಮತ್ತು ಬೈಲಿ ಎಂಬವರು 1944ರಲ್ಲಿ ಇದನ್ನು ಬೇರ್ಪಡಿಸಿದರು. ಶೇಂಗಾಕ್ಕೆ ಹತ್ತುವ ಆಸ್ಪರ್ಜಿಲಸ್ ಶಿಲೀಂಧ್ರದ ಬೆಳವಣಿಗೆಯನ್ನು ಬೆಳ್ಳುಳ್ಳಿಯ ಹಸಿ ರಸವು ಪ್ರಯೋಗಶಾಲೆಯಲ್ಲಿ ತಡೆಯುತ್ತದೆ. ಎಸಳನ್ನು ಇಡಿಯಾಗಿ ಹುರಿದರೆ ಮಾತ್ರ ಆ ಕಿಣ್ವವೇ ಕೆಡುವುದು.

ಆದರೆ ಶಿಲೀಂಧ್ರವನ್ನು ತಡೆಯುವುದು ಬೇರೆ, ಅದು ಬಿಟ್ಟುಹೋದ ವಿಷವನ್ನು ಕಳೆಯುವುದು ಬೇರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾಹಿಂಡಿ ತಿಂದ ಲಕ್ಷಕ್ಕೂ ಮಿಕ್ಕಿದ ಟರ್ಕಿಕೋಳಿಗಳು ಸತ್ತ ಮೇಲೆ ಪತ್ತೆಯಾದ ಅಫ್ಲಟಾಕ್ಸಿನ್, ಯಕೃತ್ತನ್ನು ಕೆಡಿಸುವ ವಿಷ. ಒರೆಸಿದರೆ ಹೋಗದು, ಮನೆಯ ಬಾಣಲೆಯ ಕಾವಿಗೂ ಪೂರ್ತಿ ಅಳಿಯದು. ಕಿತ್ತ ಕಾಯನ್ನು ಬೇಗನೆ ಚೆನ್ನಾಗಿ ಒಣಗಿಸುವುದೇ ಮೊದಲ ಮದ್ದು.

ಬೂಷ್ಟು ಕಂಡ ಬೀಜವನ್ನು ಈಗ ನಾನು ತಿನ್ನುವುದಿಲ್ಲ. ಎಮ್ಮೆಗೂ ಇಡುವುದಿಲ್ಲ, ಏಕೆಂದರೆ ಆ ವಿಷ ಹಾಲಿಗೂ ಇಳಿಯುತ್ತದೆ. ತಾಯಿಯವರು ಇದ್ದಿದ್ದರೆ ದಂಡಮಾಡುತ್ತೀಯೆಂದು ಬೈಯುತ್ತಿದ್ದರು.