ಹಳೆಯ ಸೀಸೆಗೆ ಹೊಸ ಉಡುಪು



ಮನೆಯ ಅಟ್ಟದ ಮೇಲೆ, ಹಿತ್ತಿಲ ಮೂಲೆಯಲ್ಲಿ, ಕೊಟ್ಟಿಗೆಯ ಗೂಡಿನಲ್ಲಿ ಒಮ್ಮೆ ಕಣ್ಣಾಡಿಸಿ ನೋಡಿ. ಖಾಲಿ ಸೀಸೆಗಳು ಎಷ್ಟು ಸಿಕ್ಕುತ್ತವೆ! ಶರಬತ್ತಿನದೊಂದು, ಉಪ್ಪಿನಕಾಯಿಯದೊಂದು, ಜೇನುತುಪ್ಪದ್ದೊಂದು. ಬಿಸಾಡೋಣವೆಂದರೆ ಗಾಜು ಮಣ್ಣಿನಲ್ಲಿ ಕರಗುವ ಪದಾರ್ಥವಲ್ಲ. ಒಡೆದು ಹೊಲಕ್ಕೆ ಬಿದ್ದರೆ ಎತ್ತಿನ ಗೊರಸಿಗೂ ಆಳಿನ ಕಾಲಿಗೂ ಅಪಾಯ. ಹಾಗೆಯೇ, ಹಳೆಯ ಸೀರೆಯ ಸೆರಗು, ಖಣದ ಚೂರು, ದರ್ಜಿ ಹಿಂದಿರುಗಿಸಿದ ತುಂಡು ಇವೂ ಗಂಟು ಕಟ್ಟಿ ಬಿದ್ದಿರುತ್ತವೆ. ಇವೆರಡನ್ನೂ ಕೂಡಿಸಿದರೆ ಮನೆಗೊಂದು ಅಂದದ ವಸ್ತು ಆಗುತ್ತದೆ. ಖರ್ಚು ಎರಡು ಚಮಚ ಮೈದಾಹಿಟ್ಟು, ಅಷ್ಟೆ.

ಆದರೆ ಕತ್ತರಿ ಹಿಡಿಯುವ ಮುಂಚೆ ಒಂದು ಮಾತು. ಎಲ್ಲ ಸೀಸೆಯೂ ಈ ಕೆಲಸಕ್ಕೆ ಬರುವುದಿಲ್ಲ. ಬೆಳೆಗೆ ಹೊಡೆಯುವ ಔಷಧಿ ಎಂದು ನಾವು ಕರೆಯುತ್ತೇವಲ್ಲ, ಅದು ಔಷಧಿಯಲ್ಲ, ವಿಷ. ಅದರ ಸೀಸೆಯ ಚೀಟಿಯ ಮೇಲೆ ಓರೆಯಾಗಿ ನಿಂತ ಚೌಕದ ಗುರುತು ಇರುತ್ತದೆ. ಆ ಚೌಕದ ಕೆಳಭಾಗದ ಬಣ್ಣ ನೋಡಿ. ಕೆಂಪು ಇದ್ದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ವಿಷವಿಲ್ಲವೆಂದಲ್ಲ, ಕಡಿಮೆ ಎಂದಷ್ಟೆ. ಈ ನಾಲ್ಕರಲ್ಲಿ ಯಾವ ಬಣ್ಣವಿದ್ದರೂ ಆ ಸೀಸೆ ಮನೆಯೊಳಗೆ ಬರಬಾರದು.

"ಚೆನ್ನಾಗಿ ತೊಳೆದರೆ ಹೋಗೋದಿಲ್ವೇ?" ಎಂದು ಕೇಳೀರಿ. ಗಾಜು ವಿಷವನ್ನು ಹೀರುವುದಿಲ್ಲ, ನಿಜ. ಆದರೆ ಬಾಯಿಯ ತಿರುಪಿನ ಸಾಲಿನಲ್ಲಿ, ಮುಚ್ಚಳದೊಳಗಿನ ಬಿಲ್ಲೆಯಲ್ಲಿ ಅಂಟಿಕೊಂಡದ್ದು ನಿಮ್ಮ ಕಣ್ಣಿಗೆ ಕಾಣುವುದೇ? ತೊಳೆದ ನೀರಾದರೂ ಎಲ್ಲಿಗೆ ಹೋಗುತ್ತದೆ? ಬಚ್ಚಲಿಗೆ, ಅಲ್ಲಿಂದ ಹಿತ್ತಿಲ ಸೊಪ್ಪಿನ ಮಡಿಗೆ, ಇಲ್ಲವೇ ದನದ ಬಾನಿಗೆ. ಸಿಂಪಡಿಸುವ ದಿನ ಹೊಲದಲ್ಲೇ ಸೀಸೆಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಡಬ್ಬಿಗೇ ಸುರಿಯಬೇಕು. ಆಮೇಲೆ ಸೀಸೆಯನ್ನು ಒಡೆದು, ಮನೆ, ಬಾವಿ, ಹಳ್ಳಗಳಿಂದ ದೂರದಲ್ಲಿ ಆಳವಾಗಿ ಹೂಳಬೇಕು. ಇಂಥ ಸೀಸೆ, ಡಬ್ಬಿಗಳನ್ನು ಯಾರೂ ಮತ್ತೆ ಬಳಸದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೂ ಹೇಳಿವೆ.

ಹಾಗಾದರೆ ಯಾವ ಸೀಸೆ ಬಳಸೋಣ? ತಿನ್ನುವ, ಕುಡಿಯುವ ಪದಾರ್ಥವಿದ್ದದ್ದೆಂದು ನಿಮಗೆ ಖಚಿತವಾಗಿ ಗೊತ್ತಿರುವುದು ಮಾತ್ರ. ಏನಿತ್ತೋ ತಿಳಿಯದ, ದಾರಿಯಲ್ಲಿ ಸಿಕ್ಕಿದ ಸೀಸೆ ಎಷ್ಟೇ ಚೆಂದವಿರಲಿ, ಬೇಡ. ಬಾಯಿ ಸೀಳಿದ್ದೂ ಬೇಡ.

ಆರಿಸಿದ ಸೀಸೆಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ. ಬೆಳಗಾಗುವಷ್ಟರಲ್ಲಿ ಚೀಟಿ ತಾನೇ ಬಿಟ್ಟುಕೊಳ್ಳುತ್ತದೆ. ಅಂಟು ಉಳಿದರೆ ಕೊಬ್ಬರಿಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಆಮೇಲೆ ಸೀಗೇಪುಡಿಯಿಂದಲೋ ಸಾಬೂನಿನಿಂದಲೋ ಜಿಡ್ಡೆಲ್ಲ ಹೋಗುವಂತೆ ತೊಳೆಯಿರಿ. ಜಿಡ್ಡು ಉಳಿದರೆ ಅರಿವೆ ಹಿಡಿಯುವುದಿಲ್ಲ. ಒಳಗೆ ಕೈ ಹೋಗದಿದ್ದರೆ ಒಂದು ಹಿಡಿ ಅಕ್ಕಿನುಚ್ಚು, ಸ್ವಲ್ಪ ನೀರು ಹಾಕಿ ಗಲಗಲ ಕುಲುಕಿ. ನಂತರ ಬೋರಲು ಹಾಕಿ ಬಿಸಿಲಿನಲ್ಲಿ ಒಣಗಿಸಿ.

ಈಗ ಅರಿವೆ. ಹತ್ತಿಯ ಬಟ್ಟೆ ಎಲ್ಲಕ್ಕಿಂತ ಸುಲಭ. ನೈಲಾನು ಜಾರುತ್ತದೆ, ಅಂಟನ್ನು ಕುಡಿಯುವುದಿಲ್ಲ. ಇಳಕಲ್ಲ ಸೀರೆ ಉಡುವವರ ಮನೆಯಲ್ಲಿ ಒಡಲು ಸವೆದುಹೋದರೂ ದಡಿ ಗಟ್ಟಿಯಾಗಿರುತ್ತದೆ. ಗುಳೇದಗುಡ್ಡದ ಖಣದ ಚೂರು ಇದ್ದರಂತೂ ಕೇಳುವುದೇ ಬೇಡ, ಅದರ ಸಣ್ಣ ಸಣ್ಣ ಹೂಬಳ್ಳಿ ಸೀಸೆಯ ಅಳತೆಗೇ ಹೇಳಿ ಮಾಡಿಸಿದಂತಿರುತ್ತದೆ. ಕಸೂತಿ ಬಲ್ಲವರು ತೇರನ್ನೋ ಗೋಪುರವನ್ನೋ ಅರಿವೆ ಬಿಡಿಯಾಗಿರುವಾಗಲೇ ಹಾಕಿಕೊಳ್ಳಬೇಕು. ಅಂಟಿಸಿದ ಮೇಲೆ ಸೂಜಿ ಆಡುವುದಿಲ್ಲ. ಯಾವ ಅರಿವೆಯಾದರೂ ಒಮ್ಮೆ ಒಗೆದು, ಬಣ್ಣ ಬಿಡುವುದೋ ನೋಡಿ, ಇಸ್ತ್ರಿ ಮಾಡಿ.

ಅಂಟಿಗೆ ಎರಡು ದೊಡ್ಡ ಚಮಚ ಮೈದಾಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಗಂಜಿ ತಿಳಿಯಾದ ಕೂಡಲೇ ಇಳಿಸಿ, ಆರಿಸಿ. ಹುಳ ಬೀಳದಿರಲೆಂದು ಪುಸ್ತಕ ಕಟ್ಟುವವರು ಇದಕ್ಕೆ ಮೈಲುತುತ್ತ ಸೇರಿಸುವುದುಂಟು. ಅದೂ ವಿಷವೇ, ಅಡಿಗೆಮನೆಯ ಪಾತ್ರೆಗೆ ಅದು ಬೇಡ. ಅಂದಿನ ಗಂಜಿ ಅಂದೇ ಮುಗಿಸಿದರಾಯಿತು.

ಒಂದು ದಾರವನ್ನು ಸೀಸೆಯ ಹೊಟ್ಟೆಗೆ ಸುತ್ತಿ ಅಳತೆ ತೆಗೆದುಕೊಳ್ಳಿ. ಮೂರು ಅಂಗುಲ ಅಡ್ಡಳತೆಯ ಸೀಸೆಗೆ ಸುತ್ತಳತೆ ಸುಮಾರು ಒಂಬತ್ತೂವರೆ ಅಂಗುಲ. ಒಂದರ ಮೇಲೊಂದು ಕೂರಲು ಅರ್ಧ ಅಂಗುಲ ಸೇರಿಸಿ, ಹತ್ತು ಅಂಗುಲಕ್ಕೆ ಕತ್ತರಿಸಿ. ಗಂಜಿಯನ್ನು ಗಾಜಿಗೂ ಅರಿವೆಗೂ ತೆಳ್ಳಗೆ ಸವರಿ, ನಡುವಿನಿಂದ ಅಂಚಿನ ಕಡೆಗೆ ಬೆರಳಿನಿಂದ ನೀವುತ್ತಾ ಅಂಟಿಸಿ. ಗುಳ್ಳೆ ನಿಲ್ಲಬಾರದು. ತಳದಲ್ಲಿ ಒಂದು ಬೆರಳಗಲ ಗಾಜು ಹಾಗೆಯೇ ಇರಲಿ. ಇಲ್ಲವಾದರೆ ನೆಲದ ತೇವ ಅರಿವೆಗೆ ಏರಿ ಬೂಷ್ಟು ಹಿಡಿದೀತು.

ಕಷ್ಟವಿರುವುದು ಹೆಗಲಿನ ಇಳಿಜಾರಿನಲ್ಲಿ. ನೇರ ತುಂಡು ಅಲ್ಲಿ ಸುಕ್ಕಾಗುತ್ತದೆ. ಅದಕ್ಕಾಗಿ ಬಟ್ಟೆಯನ್ನು ಹಾಸಿಗೂ ಹೊಕ್ಕಿಗೂ ಓರೆಯಾಗಿ, ಒಂದು ಅಂಗುಲದ ಪಟ್ಟಿಗಳಾಗಿ ಕತ್ತರಿಸಿ. ಓರೆಪಟ್ಟಿ ಎಳೆದಂತೆ ಬಗ್ಗುತ್ತದೆ. ಕೆಳಗಿನಿಂದ ಮೇಲಕ್ಕೆ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಸುತ್ತಿ. ಕುತ್ತಿಗೆಗೆ ಗೋಣಿಚೀಲದಿಂದ ಬಿಚ್ಚಿದ ಸೆಣಬಿನ ಹುರಿ ಒತ್ತೊತ್ತಾಗಿ ಸುತ್ತಿದರೆ ಎಲ್ಲ ಅಂಚೂ ಮುಚ್ಚಿಹೋಗುತ್ತದೆ. ನೆರಳಿನಲ್ಲಿ ಒಂದು ಹಗಲು, ಒಂದು ರಾತ್ರಿ ಒಣಗಲಿ.

ಇದು ಹೂದಾನಿಯಾದೀತು, ಚಮಚ ಸೌಟು ನಿಲ್ಲಿಸಲಾದೀತು, ಮಾರ್ನಾಮಿಯ ಗೊಂಬೆ ಸಾಲಿಗೆ ಒಪ್ಪೀತು. ಸ್ತ್ರೀಶಕ್ತಿ ಸಂಘದವರು ಹತ್ತಾರು ಒಂದೇ ಮಾದರಿಯಲ್ಲಿ ಮಾಡಿ ಜಾತ್ರೆಯಲ್ಲಿಟ್ಟರೆ ನಾಲ್ಕು ಕಾಸೂ ಬಂದೀತು. ದೀಪಕ್ಕೆ ಮಾತ್ರ ಬಳಸಬೇಡಿ. ಅರಿವೆಗೆ ಕಿಡಿ ಸಾಕು.

ಇನ್ನೊಂದೇ ಒಂದು ಎಚ್ಚರಿಕೆ. ಅರಿವೆ ಸುತ್ತಿದ ಸೀಸೆಯೊಳಗೆ ಏನಿದೆಯೆಂದು ಹೊರಗೆ ಕಾಣುವುದಿಲ್ಲ. ಚೆಂದ ಕಂಡದ್ದಕ್ಕೆ ಮಕ್ಕಳ ಕೈ ಮೊದಲು ಹೋಗುತ್ತದೆ. ಆದುದರಿಂದ ಇದರಲ್ಲಿ ಸೀಮೆಎಣ್ಣೆ, ಫಿನಾಯಿಲು, ಆಸಿಡ್, ಉಳಿದ ಕಳೆನಾಶಕ ಒಂದು ಹನಿಯನ್ನೂ ಹಾಕಿಡಬೇಡಿ. "ನಾಳೆ ಹೊಡೀಬೇಕು, ಇವತ್ತೊಂದು ರಾತ್ರಿ ಇದ್ರಲ್ಲಿರ್ಲಿ" ಎಂದು ಮನೆಯ ಗಂಡಸರು ಅಂದರೂ ಒಪ್ಪಬೇಡಿ. ವಿಷ ತನ್ನ ಸೀಸೆಯಲ್ಲೇ, ತನ್ನ ಚೀಟಿಯೊಂದಿಗೇ, ಬೀಗದೊಳಗೇ ಇರಬೇಕು. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಗೊತ್ತಾದ ಪ್ರತಿವಿಷವೇ ಇಲ್ಲ. ಒಂದು ಗುಟುಕು ಸಾಕು. ಯಾರಾದರೂ ಕುಡಿದರೆ ಮನೆಮದ್ದಿಗೆ ಕಾಯದೆ, ವಾಂತಿ ಮಾಡಿಸಲು ಹೋಗದೆ, 108ಕ್ಕೆ ಕರೆ ಮಾಡಿ. ಮೂಲ ಸೀಸೆಯನ್ನು ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಿರಿ. ಆ ಚೀಟಿ ನೋಡಿಯೇ ವೈದ್ಯರು ಏನು ಮಾಡಬೇಕೆಂದು ತಿಳಿಯುತ್ತಾರೆ. ಬೇರೆ ಸೀಸೆಗೆ ಸುರಿದಿದ್ದರೆ ಆ ಚೀಟಿ ಎಲ್ಲಿಂದ ಬಂದೀತು?

ಈ ವಾರ ಬಿಡುವಾದಾಗ ಮೊದಲು ಸೀಸೆಗಳನ್ನು ಎರಡು ಪಾಲು ಮಾಡಿ: ಒಡೆದು ಹೂಳಬೇಕಾದವು ಒಂದು ಕಡೆ, ಉಡುಪು ತೊಡಿಸಬಹುದಾದವು ಇನ್ನೊಂದು ಕಡೆ. ಮೊದಲನೆಯ ಪಾಲಿನ ಕೆಲಸ ಮುಗಿಸಿಯೇ ಎರಡನೆಯದಕ್ಕೆ ಕೈ ಹಾಕಿ.